ಬಲಮಗ್ಗುಲಿಗೆ ಬಂದ ತೊಕುಜೊ

ಕೆಲಸಕ್ಕೆ ಸೇರಿದ ಮೊದಲ ದಿನವೇ ಯೋಹೇಯಿ ದೋಣಿಗೆ ಗಾಯ ಮಾಡಿದ. ತೊರಿಕಾಜಿ ಎಂದರೆ ಎಡಮಗ್ಗುಲು, ಒಮೊಕಾಜಿ ಎಂದರೆ ಬಲಮಗ್ಗುಲು ಎಂದು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆದರೆ ದಕ್ಕೆಗೆ ಉಜ್ಜದಂತೆ ತೊರಿಕಾಜಿಗೆ ಮೂರು ಹಳೇ ಟೈರು ಇಳಿಬಿಡು ಎಂದಾಗ ಹಿಂದುಮುಖವಾಗಿ ನಿಂತು, ತನ್ನ ಎಡಗೈ ಇದ್ದ ಕಡೆ ಮೂರನ್ನೂ ಕಟ್ಟಿದ. ದಕ್ಕೆಯ ಕಲ್ಲಿಗೆ ಉಜ್ಜಿದ್ದು ಬೋಳಾಗಿದ್ದ ಇನ್ನೊಂದು ಮಗ್ಗುಲು.

“ಲೋ, ನೀನು ತಿರುಗಿದ್ರೆ ದೋಣೀನೂ ತಿರುಗುತ್ತೇನೋ? ಯಾವ ಸೀಮೆ ದೊರೆ ನೀನು?” ಎಂದಳು ಒಡತಿ ಕಿನುಯೊ.

ಅವಳಿಗೆ ಅರವತ್ತೊಂದು. ಮೂವತ್ತು ವರ್ಷ ಗಂಡ ಚುಕ್ಕಾಣಿ ಹಿಡಿದ, ಅವಳು ಬಲೆ ಎಳೆದಳು. ಗಂಡನ ಮಂಡಿ ಸವೆದ ಮೇಲೆ ಚುಕ್ಕಾಣಿ ಇವಳ ಕೈಗೆ ಬಂತು. ಗಿಡ್ಡ ಹೆಂಗಸು; ಮೀನಿನ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ನಿಂತು ದೋಣಿ ನಡೆಸುತ್ತಾಳೆ. ಗಂಡ ಮನೆಯಿಂದಲೇ ರೇಡಿಯೊದಲ್ಲಿ ಬುದ್ಧಿ ಹೇಳುತ್ತಾನೆ. ಅವಳು ಸಾಕೆನಿಸುವಷ್ಟು ಕೇಳಿ ಗುಂಡಿ ಒತ್ತಿ ಅವನ ಬಾಯಿ ಮುಚ್ಚಿಸಿಬಿಡುತ್ತಾಳೆ.

ಯಾರಿಗೂ ಹೆದರದವಳು ಕಡಲಿನ ಶಾಸ್ತ್ರಕ್ಕೆ ಮಾತ್ರ ತಲೆಬಾಗುತ್ತಿದ್ದಳು. ಅನ್ನದುಂಡೆಯೊಳಗಿನ, ಉಪ್ಪಿನಲ್ಲಿಟ್ಟ ಹುಳಿಹಣ್ಣಿನ ಬೀಜವನ್ನು ನೀರಿಗೆ ಉಗುಳುವಂತಿಲ್ಲ. ಯೋಹೇಯಿಯ ಜೇಬಿನ ತುಂಬ ಬೀಜ. ಇನ್ನೊಂದು ಶಾಸ್ತ್ರ ಕೇಳಿದ ದಿನ ಅವನಿಗೆ ಅನ್ನ ಸೇರಲಿಲ್ಲ: ನೀರಿಗೆ ಬಿದ್ದವನು ಬದುಕಿದ್ದರೆ ಒಮೊಕಾಜಿಯಿಂದ ಎತ್ತಬೇಕು, ಹೆಣವಾದರೆ ತೊರಿಕಾಜಿಯಿಂದ. ತಪ್ಪಿದರೆ ಆ ವರ್ಷ ಬಲೆ ಬರಿದು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಕಿನುಯೊಳ ಪಕ್ಕದ ಮನೆಯ ತೊಕುಜೊನ ದೋಣಿ ಇಂಜಿನ್ ಓಡುತ್ತಲೇ ಬಂಡೆಗೆ ಬಂದು ತಾಗಿತು. ಒಳಗೆ ಯಾರೂ ಇರಲಿಲ್ಲ. ಮಂಜು ಹಾಲಿನಂತೆ ಕವಿದಿತ್ತು. ಊರಿನ ಹನ್ನೆರಡು ದೋಣಿಗಳು ಅವನನ್ನು ಹುಡುಕಲು ಹೊರಟವು.

“ಮುಂದೆ ನಿಂತ್ಕೊ. ಕಣ್ಣು ಮುಚ್ಚಿದ್ಯೋ, ನಿನ್ನನ್ನೂ ಹುಡುಕಬೇಕಾಗುತ್ತೆ,” ಎಂದಳು ಕಿನುಯೊ.

ಯೋಹೇಯಿ ನೀರನ್ನೇ ನೋಡುತ್ತ ನಿಂತ. ತೊಕುಜೊ ಮಾವ ಸಿಗಲಿ ಎಂದು ಒಂದು ಮನಸ್ಸು; ಸಿಗಲಿ, ಆದರೆ ಬೇರೆ ದೋಣಿಗೆ ಸಿಗಲಿ ಎಂದು ಇನ್ನೊಂದು. ದಿನಗೂಲಿಗೆ ಬಂದವನು ಇಷ್ಟನ್ನೆಲ್ಲ ನೋಡಬೇಕೆ? ತೇಲುವ ಬೆಂಡು, ಪಾಚಿಯ ಮುದ್ದೆ, ಒಂದು ಕಡಲಕಾಗೆ. ಪ್ರತಿ ಸಲವೂ ಮಾವನೇ ಎಂದುಕೊಂಡು ಬಗ್ಗಿ ನೋಡಿದ. ಗಂಟೆ ಕಳೆಯಿತು. ಇಷ್ಟು ತಣ್ಣೀರಿನಲ್ಲಿ ಯಾರೂ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಆಗ ಕಿತ್ತಳೆ ಬಣ್ಣ ಕಂಡಿತು. ತೇಲುಕವಚ. ತಲೆ ಒಂದು ಕಡೆ ವಾಲಿತ್ತು, ಮುಖ ಕಾಣಲಿಲ್ಲ.

“ಮಾವಾ! ತೊಕುಜೊ ಮಾವಾ!”

ಕೈ ಅಲುಗಲಿಲ್ಲ. ಯೋಹೇಯಿ ತಿರುಗಿ ಚುಕ್ಕಾಣಿಯತ್ತ ನೋಡಿದ. ಅವಳು ಯಾವ ಕಡೆಗೆ ತಿರುಗಿಸುತ್ತಾಳೋ ಅದೇ ತೀರ್ಪು ಎನ್ನಿಸಿತು. ಕಿನುಯೊ ಕಣ್ಣು ಕಿರಿದು ಮಾಡಿದಳು. ದೋಣಿಯ ಮೂತಿ ಎಡಕ್ಕೆ ಸರಿಯಿತು, ಕಿತ್ತಳೆ ಬಣ್ಣ ಬಲಮಗ್ಗುಲಿಗೆ ಬಂತು. ಒಮೊಕಾಜಿ!

“ಎಳಿಯೋ! ಏನು ಮದುವೆ ಹೆಣ್ಣಿನ ಕೈ ಹಿಡಿದ್ಹಾಗೆ ಹಿಡೀತೀಯ? ಕೂದಲು ಸಿಕ್ರೆ ಕೂದಲು ಹಿಡಿ!”

ಅವನು ಎಳೆದ. ತೋಳು ಕಿತ್ತುಬರುವ ಹಾಗೆ, ಅಳುತ್ತ, ದೇವರನ್ನೂ ತೊಕುಜೊನನ್ನೂ ಒಟ್ಟಿಗೆ ಬೈಯುತ್ತ ಎಳೆದ. ದೇಹ ಒಳಗೆ ಉರುಳಿತು. ತುಟಿ ನೀಲಿ. ಕಿನುಯೊ ಪೆಟ್ಟಿಗೆಯಿಂದ ಧುಮುಕಿ ಬಂದು ಮಗ್ಗುಲಾಗಿ ಹೊರಳಿಸಿ ಬೆನ್ನಿಗೆ ಗುದ್ದಿದಳು. ಒಂದು ಸಲ, ಎರಡು ಸಲ, ಆರು ಸಲ. ಕೊನೆಗೆ ನೀರು ಬಂತು, ಅದರ ಹಿಂದೆಯೇ ಒಂದು ಕೆಮ್ಮು.

ದಕ್ಕೆಯಿಂದ ಆಂಬುಲೆನ್ಸ್ ಹೋದ ಮೇಲೆ ಇಬ್ಬರೂ ದೋಣಿ ತೊಳೆಯತೊಡಗಿದರು. ಯೋಹೇಯಿ ಬಕೆಟ್ ಕೆಳಗಿಟ್ಟು ಕೇಳಿದ.

“ಅಮ್ಮಾ, ಆ ಮಂಜಿನಲ್ಲಿ ಜೀವ ಇದೆ ಅಂತ ಹೇಗೆ ಗೊತ್ತಾಯ್ತು? ಸತ್ತಿದ್ರೆ ಶಾಸ್ತ್ರ ತಪ್ಪಿದ ಹಾಗಾಗ್ತಿತ್ತಲ್ಲ?”

“ಗೊತ್ತಾಗ್ಲಿಲ್ಲ. ಸತ್ತಿದಾನೆ ಅಂತಾನೇ ಅಂದ್ಕೊಂಡಿದ್ದೆ,” ಎಂದಳು ಕಿನುಯೊ. “ಆದ್ರೂ ಚೂರು ಜೀವ ಉಳಿದಿದ್ರೆ? ತೊರಿಕಾಜಿಗೆ ತಗೊಂಡಿದ್ರೆ ನೀನು ಹೆಣ ಅಂತ ನಿಧಾನಕ್ಕೆ ಎಳೀತಿದ್ದೆ.”