ಹದಿನೇಳನೇ ಶೆಡ್ಡಿಗೆ ಅರ್ಧ ಚೀಲ ಅಕ್ಕಿ

ನನ್ನ ಮೊಮ್ಮಗಳು ಚೈತ್ರಾಳಿಗೆ ದಾವಣಗೆರೆಯ ಹಳೇ ಬಟ್ಟೆ ಗಿರಣಿ ಆವರಣದಲ್ಲಿ ಹದಿನೇಳನೇ ನಂಬರಿನ ಶೆಡ್ಡು ಖಾಯಂ ಆಯಿತು. ಮೂವತ್ತು ವರ್ಷದ ಗುತ್ತಿಗೆ. ಇಪ್ಪತ್ತಾರು ವರ್ಷದ ಹೆಣ್ಣುಮಗಳು, ಸ್ವಂತ ಮಂಡಕ್ಕಿ ಭಟ್ಟಿ, ಬಾಗಿಲ ಮೇಲೆ ಅವಳದೇ ಹೆಸರು. ಮಲೆಬೆನ್ನೂರಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. ಹಾಲು ಹಾಕುವವನಿಗೆ ಎರಡು ಸಲ ಹೇಳಿದೆನಂತೆ. ಹೇಳಿದ್ದು ಸಾಲದೆ ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ದಪ್ಪ, ಹಾಳೆ ಬೇಗ ತುಂಬುತ್ತದೆ, ಅಷ್ಟೇ.

ಹೊರಟದ್ದು ಗುರುವಾರ ಬೆಳಿಗ್ಗೆ ಏಳು ಗಂಟೆಗೆ. ಹಿಂದಿನ ದಿನ ಚೈತ್ರಾ ಫೋನ್ ಮಾಡಿದ್ದಳು. ನಾಳೆ ಮಧ್ಯಾಹ್ನ ನಗರಾಭಿವೃದ್ಧಿ ಪ್ರಾಧಿಕಾರದವರು ನೋಡಲು ಬರುತ್ತಾರೆ, ನೀನು ಬಂದರೆ ಧೈರ್ಯ ಅಜ್ಜಿ ಎಂದಳು. ಶೆಡ್ಡು ಅವಳ ಕೈಗೆ ಬಂದದ್ದು ಹೋದ ವರ್ಷವೇ, ಆದರೆ ತಾತ್ಕಾಲಿಕವಾಗಿ. ಗೋಡೆ, ರಸ್ತೆ, ಚರಂಡಿ, ಕರೆಂಟು ಪ್ರಾಧಿಕಾರದ್ದು. ಚಾವಣಿ, ಒಲೆ, ದುಡಿಮೆ ನಮ್ಮದು. ಒಂದು ವರ್ಷದೊಳಗೆ ಕೆಲಸ ಶುರುವಾಗಿರಬೇಕು, ಅವರು ಬಂದು ನೋಡಿ ಸಹಿ ಹಾಕಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಚಾವಣಿಗೆ ಹಾಕಿದ ತಗಡನ್ನು ಬಿಚ್ಚಿಕೊಂಡು ಬರುವ ಹಾಗಿಲ್ಲ. ಆ ತಗಡಿನಲ್ಲಿ ಚೈತ್ರಾ ಐದು ವರ್ಷ ಜವಳಿ ಅಂಗಡಿಯಲ್ಲಿ ನಿಂತು ದುಡಿದದ್ದೆಲ್ಲ ಇತ್ತು. ನನ್ನ ಎರಡು ಬಳೆಯೂ ಇದ್ದವು.

ಬರಿಗೈಲಿ ಹೋಗಲು ಮನಸ್ಸಾಗಲಿಲ್ಲ. ನನ್ನ ಮಗ ಬಸವರಾಜ ಇಲ್ಲಿಯ ಅಕ್ಕಿ ಗಿರಣಿಯಲ್ಲಿದ್ದಾನೆ. ಹೋದ ವಾರವೇ ಅವನ ಕೈಲಿ ಕುದಿಸಿದ ಭತ್ತದ ಅಕ್ಕಿ ತರಿಸಿ, ಉಪ್ಪುನೀರು ಹಿಡಿಸಿ, ಮಾಳಿಗೆ ಮೇಲೆ ಎರಡು ದಿನ ಒಣಗಿಸಿ ಇಟ್ಟಿದ್ದೆ. ಖಾಯಂ ಆದ ಮಾರನೇ ದಿನ ಮೊದಲ ಬಾಣಲೆಗೆ ನನ್ನ ಕೈಯ ಅಕ್ಕಿ ಬೀಳಲಿ ಎಂಬ ಆಸೆ. ಅರ್ಧ ಚೀಲ ಅಕ್ಕಿ, ಒಂದು ಬುಟ್ಟಿ ತೆಂಗಿನಕಾಯಿ. ಎರಡು ಖಾಸಗಿ ಬಸ್ಸು ಬಿಟ್ಟು ಸರ್ಕಾರಿ ಬಸ್ಸಿಗೆ ಕಾದೆ. ಬಸವರಾಜ ಚೀಲವನ್ನು ಮೇಲೆತ್ತಿ ಕೊಟ್ಟ, ಕೆಲಸ ಮುಗಿಸಿ ಹೆಂಡತಿ ಜೊತೆ ಸಂಜೆ ಬರುತ್ತೇನೆ ಎಂದ.

ಕಂಡಕ್ಟರ್ ನನ್ನ ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿದ. ಚೀಲ ನೋಡಿ ಹದಿನೈದು ರೂಪಾಯಿ ಕೇಳಿದ.

"ಅಜ್ಜಿ, ನೀವು ಪುಕ್ಕಟೆ, ನಿಮ್ಮ ಅಕ್ಕಿಗೆ ಟಿಕೆಟ್ ಐತೆ ನೋಡ್ರಿ."

"ಹಂಗಾದ್ರೆ ಸೀಟು ಅಕ್ಕಿಗೆ ಕೊಡಪ್ಪ, ನಾನು ನಿಂತ್ಕಂತೀನಿ" ಅಂದೆ. ಮುಂದಿನ ಸೀಟಿನವರು ನಕ್ಕರು. ಅವನು ಹದಿನೈದು ರೂಪಾಯಿ ಮಾತ್ರ ಬಿಡಲಿಲ್ಲ.

ಹರಿಹರಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಇಬ್ಬನಿ ಇನ್ನೂ ಹೋಗಿರಲಿಲ್ಲ. ಭದ್ರಾ ಕಾಲುವೆಯ ಎರಡೂ ಕಡೆ ಗದ್ದೆ ಕೊಯ್ಲಿಗೆ ಬಂದಿದ್ದವು. ಕೊಯ್ಯುವ ಯಂತ್ರ ರಸ್ತೆಗೆ ಅಡ್ಡ ಬಂದು ಎರಡು ಕಡೆ ಬಸ್ಸು ನಿಂತಿತು. ರಸ್ತೆಯ ಅಂಚಿಗೆಲ್ಲ ಭತ್ತ ಹರವಿದ್ದರು. ಒಂದು ಗಂಟೆಯೊಳಗೆ ತಲುಪಬೇಕಾದದ್ದು ಒಂದೂಕಾಲು ಗಂಟೆ ಹಿಡಿಯಿತು.

ಹರಿಹರದ ನಿಲ್ದಾಣದಲ್ಲಿ ಬಸ್ಸು ಬದಲಿಸಬೇಕಿತ್ತು. ಚೀಲದ ಪಕ್ಕ ಕೂತು ಎರಡು ಇಡ್ಲಿ ತಿಂದೆ, ಚಹಾ ಕುಡಿದೆ. ಬೆಂಚಿನ ಆ ತುದಿಯಲ್ಲಿ ಐವತ್ತರ ಹೆಂಗಸು ಕೂತಿದ್ದಳು. ಚೀಲದ ಬಾಯಿಂದ ಉದುರಿದ ಎರಡು ಕಾಳು ಎತ್ತಿ ಬಾಯಿಗೆ ಹಾಕಿಕೊಂಡಳು.

"ಉಪ್ಪು ಹಿಡಿದೈತೆ. ಇದು ಅನ್ನದ ಅಕ್ಕಿ ಅಲ್ಲ, ಭಟ್ಟಿ ಅಕ್ಕಿ" ಅಂದಳು.

ಎರಡು ಕಾಳಿಗೆ ಗುರುತು ಹಿಡಿದವಳನ್ನು ಬಿಡುವುದುಂಟೇ. ಮಾತಿಗೆ ಕೂತೆ. ಹೆಸರು ಫಾತಿಮಾಬಿ. ಹಳೇ ಗಿರಣಿಯ ಗೋಡೆಗೆ ಒತ್ತಿಕೊಂಡಿದ್ದ ಗುಡಿಸಲಲ್ಲಿ ಇದ್ದವಳು, ಅಲ್ಲೇ ಹತ್ತಿರದ ಭಟ್ಟಿಯಲ್ಲಿ ಒಲೆಗೆ ಹೊಟ್ಟು ಹಾಕುವ ಕೆಲಸ. ಪ್ರಾಧಿಕಾರದವರು ಗುಡಿಸಲು ತೆಗೆಸಿ ಊರ ಹೊರಗೆ ಮನೆ ಕೊಟ್ಟರು. ನಲ್ಲಿ ಇದೆ, ಕರೆಂಟಿದೆ, ಮಳೆಗೆ ಸೋರುವುದಿಲ್ಲ. "ಮನೆ ಚಲೋ ಐತ್ರಿ ಅಕ್ಕ. ಕೆಲಸ ದೂರ ಆತು" ಅಂದಳು. ಭಟ್ಟಿಗೆ ಕೋಳಿ ಕೂಗುವ ಮುಂಚೆ ಹೋಗಬೇಕು, ಆ ಕಡೆಯ ಮೊದಲ ಬಸ್ಸು ಆರೂವರೆಗೆ. ಹರಿಹರಕ್ಕೆ ತಂಗಿಯ ಮನೆಗೆ ಬಂದವಳು, ಹೊಸ ಶೆಡ್ಡುಗಳಲ್ಲಿ ಏನಾದರೂ ಕೆಲಸ ಇದೆಯೇ ಎಂದು ಕೇಳಲು ಹೊರಟಿದ್ದಳು. ನನ್ನ ಮೊಮ್ಮಗಳ ಹತ್ತಿರವೇ ಬಾ ಎಂದೆ. ಚೀಲವನ್ನು ಇಬ್ಬರೂ ಸೇರಿ ದಾವಣಗೆರೆ ಬಸ್ಸಿಗೆ ಏರಿಸಿದೆವು. ಈ ಬಸ್ಸಿನಲ್ಲಿ ಅಕ್ಕಿಗೂ ಟಿಕೆಟ್ ಕೇಳಲಿಲ್ಲ.

ಹದಿನಾಲ್ಕು ಕಿಲೋಮೀಟರ್, ಅರ್ಧ ಗಂಟೆ. ನಿಲ್ದಾಣಕ್ಕೆ ಅಳಿಯ ಮಂಜಣ್ಣ ತನ್ನ ಗೂಡ್ಸ್ ಆಟೋ ತಂದಿದ್ದ. ಅವನು ಚೈತ್ರಾಳ ಅಪ್ಪ. ನಮ್ಮಿಬ್ಬರನ್ನೂ ಪಕ್ಕದಲ್ಲಿ ಒತ್ತಾಗಿ ಕೂರಿಸಿಕೊಂಡ, ಅಕ್ಕಿ ಹಿಂದೆ.

ಗಿರಣಿ ಬೀದಿ ನನಗೆ ಹೊಸದಲ್ಲ. ನಮ್ಮ ಯಜಮಾನರು ಇದ್ದಾಗ ಅದರ ನೂಲಿನ ಖಾತೆಯಲ್ಲಿ, ನೂಲು ತೆಗೆಯುವ ಕಟ್ಟಡದಲ್ಲಿ, ದುಡಿದವರು, ನಾನು ಎರಡು ಬೀದಿ ಆಚೆ ಭಟ್ಟಿಯಲ್ಲಿ ಬಾಣಲೆ ಆಡಿಸಿದವಳು. ಗಿರಣಿ ಮುಚ್ಚಿದ ಮೇಲೆ ನಾವು ಮಲೆಬೆನ್ನೂರು ಸೇರಿದೆವು. ಆಮೇಲೆ ಬಂದಾಗಲೆಲ್ಲ ನೋಡಿದ್ದು ಜಾಲಿ ಮುಳ್ಳು, ಕೊಳಚೆ ನೀರು, ಹಂದಿ. ಕಿಟಕಿಯ ಚೌಕಟ್ಟನ್ನೂ ಯಾರೋ ಕಿತ್ತೊಯ್ದಿದ್ದರು. ಹೆಣ್ಣುಮಕ್ಕಳು ಸುತ್ತು ಹಾಕಿ ಬೇರೆ ದಾರಿಯಲ್ಲಿ ಹೋಗುತ್ತಿದ್ದರು.

ಮಂಜಣ್ಣ ದಾರಿಯಲ್ಲಿ ಹೇಳಿದ್ದು ಹೀಗೆ. ಮೊದಲು ಪ್ರಾಧಿಕಾರದವರು ಇಡೀ ಜಾಗವನ್ನು ಒಬ್ಬ ದೊಡ್ಡ ಆಸಾಮಿಗೇ ಕೊಡಲು ನೋಡಿದರು. ಮೂರು ಸಲ ಕರೆದರೂ ಯಾರೂ ಬರಲಿಲ್ಲ. ಕಾಗದಪತ್ರದ ತಕರಾರು, ಚರಂಡಿ ಇಲ್ಲ, ಕತ್ತಲು. ಇಂಥ ಕಡೆ ಯಾರು ದುಡ್ಡು ಸುರಿಯುತ್ತಾರೆ? ಆಮೇಲೆ ತಾವೇ ತಕರಾರು ಬಿಡಿಸಿ, ಜಾಲಿ ಕಡಿಸಿ, ಚರಂಡಿ ತೋಡಿಸಿ, ದೀಪ ಹಾಕಿಸಿದರು. ಗಿರಣಿಯ ಗೋದಾಮನ್ನು ಸಣ್ಣ ಸಣ್ಣ ಶೆಡ್ಡು ಮಾಡಿ ಮೂರು ವರ್ಷ ಅರ್ಧ ಬಾಡಿಗೆ ಎಂದರು. ಲೈಸೆನ್ಸಿಗೆ ಹತ್ತು ಕಡೆ ಅಲೆಯುವುದು ಬೇಡ, ಒಂದೇ ಕಡೆ ಕೊಡುತ್ತೇವೆ ಎಂದರು. ಆಗ ಒಬ್ಬ ಧಾನ್ಯದ ವ್ಯಾಪಾರಿ ನೂಲಿನ ಖಾತೆಯನ್ನು ಗೋದಾಮಿಗೆ ಹಿಡಿದ. ಅವನ ಲಾರಿ ಬಂದವು, ಲಾರಿಯವರಿಗೆ ಚಹಾದಂಗಡಿ ಬಂತು, ಅದರ ಹಿಂದೆ ನಮ್ಮಂಥವರು ಬಂದರು. ಆಟೋ ಡಾಂಬರು ರಸ್ತೆಯಲ್ಲಿ ಗಿರಣಿ ಬಾಗಿಲು ದಾಟಿತು. ನೂಲಿನ ಖಾತೆಗೆ ಹೊಸ ಸುಣ್ಣ ಬಳಿದಿದ್ದರು.

ಶೆಡ್ಡು ತಲುಪಿದಾಗ ಹನ್ನೊಂದು. ಚೈತ್ರಾಳ ಭಟ್ಟಿ ಉರಿಯುತ್ತಿತ್ತು. ಹೊಸ ಮಾದರಿ ಒಲೆ. ಹೊಗೆ ಎಲ್ಲ ಉದ್ದನೆ ಕೊಳವೆಯಲ್ಲಿ ಮೇಲೆ ಹೋಗುತ್ತದೆ, ಕಣ್ಣು ಉರಿಯುವುದಿಲ್ಲ. ಆದರೆ ನೆಲದ ತುಂಬ ಹೊಟ್ಟು, ಮರಳು, ಬೂದಿ. ಕೆಲಸದ ಇಬ್ಬರು ಹೆಂಗಸರು ಕೊನೆಯ ಬಾಣಲೆ ಇಳಿಸುತ್ತಿದ್ದರು. ಚೈತ್ರಾ ಮಸಿ ಕೈಯಲ್ಲೇ ಬಂದು ತಬ್ಬಿಕೊಂಡಳು.

ಆಫೀಸಿನವರು ಬರುವ ಹೊತ್ತಿಗೆ ಇದೇನು ಅವತಾರ ಎಂದೆ ನಾನು. ಅವರು ಬರುವವರೆಗೆ ಉರಿ ಇರಲಿ ಅಂತಿದ್ದೆ ಅಜ್ಜಿ ಎಂದಳು. ಫಾತಿಮಾಬಿ ಕೂಡ ಮೆಲ್ಲಗೆ, "ಇರ್ಲಿ ಬಿಡ್ರಿ ಅಕ್ಕ, ಆರಿಸಬ್ಯಾಡ್ರಿ" ಅಂದಳು. ನಾನು ಕೇಳಬೇಕಲ್ಲ. ಭಟ್ಟಿ ಎಂದಮೇಲೆ ಮಧ್ಯಾಹ್ನದ ಹೊತ್ತಿಗೆ ಆರುವುದೇ ರೂಢಿ. ನನ್ನ ಕಾಲದಲ್ಲಿ ಹನ್ನೆರಡರ ಮೇಲೆ ಉರಿ ಕಂಡವರಿಲ್ಲ. ದೊಡ್ಡವರು ಬಂದಾಗ ಬೂದಿಯಲ್ಲಿ ನಿಲ್ಲಿಸುವುದೇ? ಒಲೆ ಆರಿಸಿ ನಾನೇ ಎರಡು ಕೊಡ ನೀರು ಸುರಿದೆ. ಪೊರಕೆ ಹಿಡಿದು ಮೂಲೆ ಮೂಲೆ ಗುಡಿಸಿದೆ. ನೆಲ ತೊಳೆದು ಬಾಗಿಲಿಗೆ ರಂಗೋಲಿ ಹಾಕಿದೆ. ಹುರಿದ ಮಂಡಕ್ಕಿ ಚೀಲ ಅಡ್ಡವಾಗುತ್ತವೆ ಎಂದು ಮಂಜಣ್ಣನ ಆಟೋದಲ್ಲಿ ಪೇಟೆಗೆ ಕಳಿಸಿದೆ. ಕೆಲಸದವರು ಬೆಳಗಿನ ಜಾವದಿಂದ ದಣಿದಿದ್ದರು, ಮನೆಗೆ ಹೋದರು. ಚೈತ್ರಾಳಿಗೆ ಬೇರೆ ಸೀರೆ ಉಡಿಸಿ, ಒಂದು ಕುರ್ಚಿಗೆ ಟವೆಲ್ ಹಾಸಿ ಕಾದೆವು.

ಎರಡೂವರೆಗೆ ಪ್ರಾಧಿಕಾರದ ಮೇಡಂ ಬಂದರು, ಕೈಯಲ್ಲಿ ಫೈಲು. ಕುರ್ಚಿಯಲ್ಲಿ ಕೂರಲಿಲ್ಲ. ಒಲೆಯೊಳಗೆ ಬಗ್ಗಿ ನೋಡಿದರು, ಬಾಣಲೆ ಮುಟ್ಟಿದರು, ನೆಲ ನೋಡಿದರು.

"ಎಷ್ಟು ದಿನ ಆಯ್ತು ಬೀಗ ತೆಗೆದು?" ಎಂದು ಕೇಳಿದರು.

ಚೈತ್ರಾಳ ಮುಖ ಬಿಳುಚಿಕೊಂಡಿತು. ದಿನಾ ನಡೆಯುತ್ತದೆ ಮೇಡಂ ಎಂದು ಫೋನಿನ ಫೋಟೋ, ಕರೆಂಟ್ ಬಿಲ್ಲು ತೋರಿಸಿದಳು. ಮೇಡಂ ಒರಟಾಗಿ ಮಾತಾಡಲಿಲ್ಲ. ಆದರೆ ಆ ಫೋಟೋ, ಬಿಲ್ಲು ಸಾಲದು ಎಂದರು. ಈ ಸಾಲಿನಲ್ಲೇ ನಾಲ್ಕು ಮಂದಿ ಶೆಡ್ಡು ಹಿಡಿದು, ಸುಣ್ಣ ಬಳಿದು, ಯಂತ್ರ ಇಟ್ಟು, ಜಾಗಕ್ಕೆ ಬೆಲೆ ಏರಲಿ ಎಂದು ಬೀಗ ಹಾಕಿ ಕೂತಿದ್ದಾರಂತೆ. ಅಂಥವೂ ಹೀಗೇ ಥಳಥಳ ಹೊಳೆಯುತ್ತವಂತೆ. ಪ್ರಾಧಿಕಾರ ಬಾಡಿಗೆ ಇಳಿಸಿ ಬಂಡವಾಳ ಕರೆದದ್ದು ಕೆಲಸ ನಡೆಯಲಿ ಎಂದು. ಅದಕ್ಕೇ ಕೆಲಸ ನಡೆಯುವಾಗಿನ ಫೋಟೋ ನೋಡಲು ಬಂದ ಅಧಿಕಾರಿಯೇ ತೆಗೆಯಬೇಕೆಂದು ನಿಯಮ. ಪಟ್ಟಿಯಲ್ಲಿ ಇನ್ನೂ ಜನ ಕಾದಿದ್ದಾರೆ. ಮಿಕ್ಕ ಶೆಡ್ಡು ನೋಡಿಕೊಂಡು ಐದಕ್ಕೆ ವಾಪಸ್ಸು ಹೋಗುತ್ತೇನೆ, ಅಷ್ಟರೊಳಗೆ ಏನಾದರೂ ಇದ್ದರೆ ತೋರಿಸಿ ಎಂದು ಮುಂದಿನ ಬಾಗಿಲಿಗೆ ಹೋದರು.

ಚೈತ್ರಾ ಲೆಕ್ಕ ಹಾಕಿದಳು. ಒಲೆ ಒದ್ದೆ, ಕೆಲಸದವರಿಲ್ಲ, ಆ ದಿನದ ಅಕ್ಕಿಯೆಲ್ಲ ಹುರಿದು ಪೇಟೆ ಸೇರಿದೆ ಎಂದು ಬೆರಳು ಮಡಿಸಿದಳು.

"ಅಕ್ಕಿ ಐತಲ್ಲ" ಅಂದಳು ಫಾತಿಮಾಬಿ, ನನ್ನ ಚೀಲ ತೋರಿಸಿ.

ಒದ್ದೆ ಬೂದಿಯನ್ನು ನಾನೂ ಅವಳೂ ಕೈಯಲ್ಲೇ ಬಾಚಿ ಹೊರಗೆ ಹಾಕಿದೆವು, ರಂಗೋಲಿ ಮೇಲೇ ಬಿತ್ತು. ಚೈತ್ರಾ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಟ್ಟಿನ ಮೂಟೆ ಎಳೆದು ತಂದಳು. ಮೊದಲು ಬರೀ ಹೊಗೆ. ಫಾತಿಮಾಬಿ ಒಲೆಯ ಬಾಯಿಗೆ ಮುಖವಿಟ್ಟು ಚೂರು ಚೂರೇ ಹೊಟ್ಟು ಉದುರಿಸಿ ಊದಿದಳು. ಒಂದು ಸಲ ಹಿಡಿದ ಮೇಲೆ ಬಿಡಲಿಲ್ಲ. ಬಾಣಲೆಯಲ್ಲಿ ಅಕ್ಕಿ ಹುರಿಯುವ ಮರಳು ಕಾಯಲು ಮುಕ್ಕಾಲು ಗಂಟೆ ಬೇಕಾಯಿತು. ಬಾಣಲೆ ಮುಂದೆ ನಾನು ನಿಂತೆ. ನಲವತ್ತು ವರ್ಷದ ಮೇಲೆ ನಿಂತದ್ದು.

ಮೊದಲ ಸುತ್ತು ಕೆಟ್ಟಿತು. ನನಗೆ ಅವಸರ, ಮರಳು ಅತಿಯಾಗಿ ಕಾದಿತ್ತು, ಅಕ್ಕಿ ಅರಳದೆ ಕಪ್ಪಾಯಿತು. ಗಂಟೆ ನಾಲ್ಕೂಕಾಲು. ಫಾತಿಮಾಬಿ ಉರಿ ತಗ್ಗಿಸಿದಳು. "ಈಗ ಹಾಕ್ರಿ" ಅಂದಳು. ಒಂದು ಸೇರು ಹಾಕಿ ಕಡ್ಡಿ ಕಟ್ಟಿನಿಂದ ಆಡಿಸಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಚಟಪಟ ಚಟಪಟ ಎಂದು ಬಾಣಲೆ ತುಂಬ ಬೆಳ್ಳಗೆ ಎದ್ದುಬಂತು. ಜರಡಿ ಹಿಡಿಯುತ್ತಿದ್ದ ಚೈತ್ರಾ ಅಳುತ್ತಿದ್ದಳೋ ನಗುತ್ತಿದ್ದಳೋ, ನಾನು ನೋಡಲು ಹೋಗಲಿಲ್ಲ. ಕೈ ನಿಲ್ಲಿಸಿದರೆ ಸೀದು ಹೋಗುತ್ತದೆ.

ಏಳನೇ ಸುತ್ತಿನಲ್ಲಿದ್ದಾಗ ಮೇಡಂ ಬಂದರು. ಬಾಗಿಲಲ್ಲೇ ನಿಂತರು, ಒಳಗೆ ಕಾಲಿಡಲು ಜಾಗ ಇರಲಿಲ್ಲ. ನೆಲದ ತುಂಬ ಹೊಟ್ಟು, ಬೂದಿ, ಮಂಡಕ್ಕಿ. ಒಲೆಯದು, ಬಾಣಲೆಯದು, ಚೈತ್ರಾಳದು ಫೋಟೋ ತೆಗೆದರು. ಒಂದು ಹಿಡಿ ಬಿಸಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು. ಇದನ್ನೆಲ್ಲ ಆರಿಸಿ ತೊಳೆದದ್ದು ಯಾಕೆ ಎಂದು ಕೇಳಿದರು.

"ತಪ್ಪು ನಂದು ಮೇಡಂ" ಅಂದೆ. "ನೀವು ಬರ್ತೀರಂತ ಚೊಕ್ಕ ಮಾಡಿದೆ."

"ನಾವು ಬರೋದು ಬೆಂಕಿ ನೋಡೋಕೆ ಅಜ್ಜಿ, ರಂಗೋಲಿ ನೋಡೋಕಲ್ಲ" ಎಂದು ನಕ್ಕು, ಚೀಲದ ಮೇಲೇ ಹಾಳೆ ಇಟ್ಟು ಸಹಿ ಹಾಕಿದರು. ಒಂದು ಪ್ರತಿ ಚೈತ್ರಾಳ ಕೈಗೆ ಕೊಟ್ಟರು. ಅದರ ಮೇಲೆ ಅವಳ ಹೆಬ್ಬೆರಳ ಮಸಿ ಈಗಲೂ ಇದೆ.

ಸಂಜೆ ಸರಸ್ವತಿ ನಗರದ ಮಂಜಣ್ಣನ ಮನೆಯಲ್ಲಿ ಎಲ್ಲ ಸೇರಿದೆವು. ಬಸವರಾಜ ಹೆಂಡತಿ ಸಮೇತ ಬಂದಿದ್ದ. ಮಗಳು ಶಾಂತಾ ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು ಮಾಡಿದ್ದಳು. ಅದಕ್ಕೂ ಮುಂಚೆ ನಾವೇ ಹುರಿದ ಮಂಡಕ್ಕಿಗೆ ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿ ಕರಿದು, ದೊಡ್ಡ ತಟ್ಟೆಯನ್ನು ನಡುವೆ ಇಟ್ಟಳು. ಫಾತಿಮಾಬಿ ಬಾಗಿಲ ಹತ್ತಿರ ಕೂರಲು ಹೋದಳು, ಚೈತ್ರಾ ಎಳೆದು ತನ್ನ ಪಕ್ಕ ಕೂರಿಸಿಕೊಂಡಳು. ಸೋಮವಾರದಿಂದ ಫಾತಿಮಾಬಿಗೆ ನಮ್ಮ ಭಟ್ಟಿಯಲ್ಲೇ ಕೆಲಸ. ಮಂಜಣ್ಣ ಹೇಗೂ ಬೆಳಗಿನ ಜಾವ ಹೊಟ್ಟು ತರಲು ಆ ಕಡೆ ಹೋಗುತ್ತಾನೆ, ಬರುವಾಗ ಕರೆತರುತ್ತಾನೆ.

ಏಳು ಜನ ಒಂದೇ ತಟ್ಟೆಗೆ ಕೈ ಹಾಕಿದರೆ ನೆಲಕ್ಕೆ ಚೆಲ್ಲದೆ ಇರುತ್ತದೆಯೇ. ಎಲ್ಲರ ಕಾಲಡಿ ಮಂಡಕ್ಕಿ. ನಾನು ಮೆಲ್ಲಗೆ ಎದ್ದು ಮೂಲೆಯಲ್ಲಿ, ಬಾಗಿಲ ಹಿಂದೆ ಹುಡುಕಿದೆ. ಪೊರಕೆ ಇರಲಿಲ್ಲ. ಎಲ್ಲಿಟ್ಟೀಯ ಎಂದು ಶಾಂತಾಳನ್ನು ಕೇಳಿದೆ.

"ಚೈತ್ರಾ ಬಚ್ಚಿಟ್ಟಾಳೆ" ಅಂದಳು. "ನೀನು ಊರಿಗೆ ಹೋಗೋವರೆಗೂ ಕೊಡಬ್ಯಾಡ ಅಂದಾಳೆ."

ಬಸವರಾಜ ಎಷ್ಟು ನಕ್ಕನೆಂದರೆ ಬಾಯಲ್ಲಿದ್ದದ್ದು ನೆತ್ತಿಗೆ ಹತ್ತಿತು. ನಾನು ವಾಪಸ್ಸು ಬಂದು, ಚೆಲ್ಲಿದ ಮಂಡಕ್ಕಿಯ ಮೇಲೆಯೇ ಕೂತು, ರೊಟ್ಟಿ ಮುರಿದೆ.