ಕವಳದ ಬಟ್ಟಲಲ್ಲಿ ಬಾಡಿಗೆ

ಶಿರಸಿಯಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ಬಾಡಿಗೆ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಮನೆಯ ಯಜಮಾನರು ಬಿಳಗಿ ಕಡೆಯವರು. ದೂರದ ಸಂಬಂಧದಲ್ಲಿ ಅಮ್ಮನಿಗೆ ಅಣ್ಣನಾಗಬೇಕು, ಹಾಗಾಗಿ ನನಗೆ ಮಾವ. ತಿಂಗಳಿಗೊಮ್ಮೆ ಅಡಿಕೆ ಮಂಡಿಯ ಕೆಲಸಕ್ಕೆಂದು ಪೇಟೆಗೆ ಬಂದವರು ನಮ್ಮಲ್ಲಿಗೂ ಬರುತ್ತಿದ್ದರು. ಕಾಲು ತೊಳೆದು ಒಳಗೆ ಬಂದು, ಚಾ ಕುಡಿದು, ಯಾರ ಮನೆಯಲ್ಲಿ ಮದುವೆ, ಯಾರ ತೋಟಕ್ಕೆ ಕೊಳೆರೋಗ ಎಂಬುದೆಲ್ಲ ಮುಗಿದ ಮೇಲೆ ಅಮ್ಮ ಕವಳದ ಬಟ್ಟಲನ್ನು ಅವರ ಮುಂದಿಡುತ್ತಿದ್ದಳು. ಎಲೆ, ಅಡಿಕೆ, ಸುಣ್ಣ, ತಂಬಾಕು. ಎಲೆಗಳ ಕೆಳಗೆ ಮಡಿಚಿಟ್ಟ ನೋಟುಗಳು. ಅವರು ಒಂದು ಎಲೆ ಎತ್ತಿ, ಪಂಚೆಗೆ ಒರೆಸಿ, ತೊಟ್ಟು ಮುರಿದು ಸುಣ್ಣ ಹಚ್ಚುವುದರೊಳಗೆ ಆ ನೋಟುಗಳು ಎಲ್ಲೋ ಅವರ ಜೇಬು ಸೇರಿರುತ್ತಿದ್ದವು. ಅವರು ಎಣಿಸುತ್ತಿರಲಿಲ್ಲ. ಅಮ್ಮ ಅಷ್ಟು ಹೊತ್ತೂ ಗೋಡೆಯ ಮೇಲಿನ ಪಂಚಾಂಗವನ್ನು ನೋಡುತ್ತಿದ್ದಳು.

ರಸೀದಿ ಕೇಳುವುದೆಂದರೆ ಅವಳ ಪಾಲಿಗೆ, ಊಟಕ್ಕೆ ಕರೆದವರ ಮನೆಯಲ್ಲಿ ಅನ್ನವನ್ನು ತೂಗಿ ನೋಡಿದ ಹಾಗೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ರವಿಕೆ ಹೊಲಿದು ಮನೆ ನಡೆಸಿದವಳು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ ಇತ್ತು. ಆ ಕೋಣೆ ಇದ್ದುದರಿಂದಲೇ ಗಿರಾಕಿಗಳು ಬರುತ್ತಿದ್ದರು, ಅವರು ಬರುತ್ತಿದ್ದುದರಿಂದಲೇ ನಾನು ಧಾರವಾಡದಲ್ಲಿ ಎಂ.ಎ. ಓದಿದೆ. ಓದು ಮುಗಿಸಿ ಬಂದು ನಾನೊಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದ ವರ್ಷ, ಅಂದರೆ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಮಳೆಗಾಲದ ಒಂದು ಮಧ್ಯಾಹ್ನ ಬಚ್ಚಲುಮನೆಯ ಹಿಂದಿನ ಗೋಡೆ ಬಿತ್ತು.

ಮಣ್ಣಿನ ಗೋಡೆ, ಬಿದ್ದ ಸದ್ದೂ ದೊಡ್ಡದಿರಲಿಲ್ಲ. ಅದರಾಚೆ ಓಣಿ. ಓಣಿಯಾಚೆ ಸೈಕಲ್ ರಿಪೇರಿ ಅಂಗಡಿ. ನೀರು ಕಾಯಿಸುವ ಹಂಡೆಯ ಪಕ್ಕದಲ್ಲಿ ನಿಂತರೆ ಅಂಗಡಿಯಲ್ಲಿ ಪಂಕ್ಚರ್ ಹಾಕುವವನ ಮುಖ ಕಾಣುತ್ತಿತ್ತು, ಅಂದರೆ ಅವನಿಗೂ ನಾವು ಕಾಣುತ್ತಿದ್ದೆವು. ನಾನು ಸ್ವಭಾವತಃ ನನ್ನಷ್ಟಕ್ಕೆ ಇರುವವಳು, ಬಟ್ಟೆಯನ್ನು ಹೊರಗಿನ ಹಗ್ಗದ ಮೇಲೆ ಒಣಹಾಕುವುದಕ್ಕೂ ಹಿಂಜರಿಯುವವಳು. ಹಳೆಯ ಸೀರೆ ಕಟ್ಟಿದೆವು. ಗಾಳಿ ಬಂದರೆ ಒಬ್ಬರು ಸ್ನಾನ ಮಾಡುವಾಗ ಇನ್ನೊಬ್ಬರು ಸೀರೆಯ ಅಂಚು ಹಿಡಿದು ನಿಲ್ಲುತ್ತಿದ್ದೆವು.

ಯಜಮಾನರು ಮುಂದಿನ ಸಲ ಬಂದಾಗ ಅಮ್ಮ ತೋರಿಸಿದಳು.

"ಮಾಡ್ಸನ, ಮಾಡ್ಸನ," ಅಂದರು. "ಮಳೆ ಬಿಡ್ಲಿ."

ಮಳೆ ಬಿಟ್ಟಿತು. ಅದರ ಮುಂದಿನ ಸಲ ಅವರು ಬಚ್ಚಲಿನ ಕಡೆ ಹೋಗಲೇ ಇಲ್ಲ. "ಹೆಂಗಸ್ರು ಇಬ್ರೇ ಇಪ್ಪದು. ಒಂದು ಅಡಿಕೆ ಸೋಗೆ ತಟ್ಟಿ ಕಟ್ಕಂಡ್ರೆ ಆತಪ. ಗೋಡೆ ಎಂತಕ್ಕೆ?"

"ಇಬ್ಬರೂ ಹೆಂಗಸರಾಗಿರುವುದರಿಂದಲೇ ಗೋಡೆ ಬೇಕು" ಎಂಬ ಉತ್ತರ ನನ್ನ ಬಾಯಲ್ಲೇ ಇತ್ತು. ಹೇಳಲಿಲ್ಲ. ಬದಲಿಗೆ ಒಂದು ಪತ್ರ ಬರೆದೆ. ಗೋಡೆ ಬಿದ್ದಿದೆ, ಕಟ್ಟಿಸುವುದು ಮನೆಯ ಮಾಲೀಕರ ಹೊಣೆ, ಈ ತಿಂಗಳೊಳಗೆ ಕಟ್ಟಿಸದಿದ್ದರೆ ನಾವೇ ಕಟ್ಟಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯುತ್ತೇವೆ. ರಿಜಿಸ್ಟರ್ ಮಾಡಿ ಬಿಳಗಿಗೆ ಕಳಿಸಿದೆ. ಉತ್ತರ ಬರಲಿಲ್ಲ. ತಿಂಗಳು ಕಳೆದ ಮೇಲೆ ಚಿರೇಕಲ್ಲು ತರಿಸಿ ಗೋಡೆ ಕಟ್ಟಿಸಿದೆ. ಕಟ್ಟಿ ಮುಗಿದ ದಿನ ಅಮ್ಮ ಹಂಡೆಗೆ ಬೆಂಕಿ ಹಾಕಿ ಬಾಗಿಲ ಅಗಳಿ ಹಾಕಿಕೊಂಡವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನೀರು ಹೊಯ್ದುಕೊಳ್ಳುವ ಸದ್ದು ಮಾತ್ರ ನಿಧಾನವಾಗಿ ಕೇಳುತ್ತಿತ್ತು.

ಯಜಮಾನರು ಬಂದರು, ಚಾ ಕುಡಿದರು. ಅಮ್ಮ ಬಟ್ಟಲನ್ನಿಟ್ಟಳು. ಅವರು ಎಲೆ ಎತ್ತಿದಾಗ ಕೆಳಗೆ ಎಂದಿಗಿಂತ ತೆಳ್ಳಗಿನ ಮಡಿಕೆ, ಜೊತೆಗೆ ಕಲ್ಲು ಮತ್ತು ಕೂಲಿಯ ಲೆಕ್ಕದ ಚೀಟಿ.

"ಆನು ಹೇಳಿದ್ನಾ ಗೋಡೆ ಕಟ್ಸು ಹೇಳಿ?"

"ಅಣ್ಣಾ, ಕೂಸು ಪತ್ರ ಬರೆದಿತ್ತು..." ಎಂದು ಅಮ್ಮ ನನ್ನ ಕಡೆ ಕೈ ತೋರಿಸಿ ತಡವರಿಸಿದಳು.

ಅವರು ಎತ್ತಿದ ಎಲೆಯನ್ನು ಮತ್ತೆ ಬಟ್ಟಲಲ್ಲಿಟ್ಟರು. ಕವಳ ಹಾಕದೆ, ನೋಟು ಮುಟ್ಟದೆ ಎದ್ದು ಹೋದರು. ನಮ್ಮ ಕಡೆ ಮುಂದಿಟ್ಟ ಕವಳವನ್ನು ಬಿಟ್ಟು ಎದ್ದರೆ ಆ ಮನೆಯ ಸಂಬಂಧ ಮುಗಿಯಿತೆಂದೇ ಅರ್ಥ. ಅಮ್ಮ ಬಟ್ಟಲನ್ನು ಎಷ್ಟೋ ಹೊತ್ತು ಎತ್ತಲೇ ಇಲ್ಲ.

ಆಮೇಲೆ ಅವರು ಬರುವುದನ್ನೇ ನಿಲ್ಲಿಸಿದರು. ನಾನು ಬಾಡಿಗೆಯನ್ನು ಮನಿಯಾರ್ಡರ್ ಮಾಡಿದೆ, ವಾಪಸು ಬಂತು. ಮತ್ತೆ ಕಳಿಸಿದೆ, ಮತ್ತೆ ಬಂತು. ಅಷ್ಟರಲ್ಲಿ ಮಂಡಿಯಲ್ಲಿ ಅವರು ಆಡಿದ ಮಾತು ಗಿರಾಕಿಗಳ ಬಾಯಿಂದ ನಮ್ಮ ಕಿವಿಗೆ ಬಿತ್ತು. ನೆಂಟರೆಂದು ಮನೆ ಕೊಟ್ಟರೆ ತಾಯಿ ಮಗಳು ವರ್ಷಗಟ್ಟಲೆ ಬಾಡಿಗೆ ಕೊಡದೆ ಕೂತಿದ್ದಾರಂತೆ, ಬಿಡಿಸದೆ ಗತಿಯಿಲ್ಲವಂತೆ.

ಗೋಡೆಯೊಂದೇ ಕಾರಣವಲ್ಲ ಎಂಬುದು ಒಂದು ಬೆಳಿಗ್ಗೆ ತಿಳಿಯಿತು. ಅಮ್ಮ ಗಿರಾಕಿಯೊಬ್ಬಳ ತೋಳಿನ ಅಳತೆ ತೆಗೆಯುತ್ತಿದ್ದಾಗ ಇಬ್ಬರು ಗಂಡಸರು ಕೇಳದೆ ಒಳಗೆ ಬಂದು ಕೋಣೆಯ ಉದ್ದ ಅಗಲ ಅಳೆಯತೊಡಗಿದರು. ಕಂಪ್ಯೂಟರ್ ಕ್ಲಾಸ್ ಮಾಡುವವರಂತೆ, ಯಜಮಾನರೇ ಕಳಿಸಿದ್ದಂತೆ. ಆಗ ಪೇಟೆಯಲ್ಲಿ ಅಂಥ ಕ್ಲಾಸುಗಳು ಹೊಸದಾಗಿ ಶುರುವಾಗುತ್ತಿದ್ದವು.

"ಅಮ್ಮ, ಈ ಮಷೀನ್ ಸ್ವಲ್ಪ ಸರಿಸ್ತೀರಾ?" ಎಂದ ಒಬ್ಬ.

ಅಮ್ಮ ತನ್ನ ಟೇಪನ್ನು ಕೊರಳಿಗೆ ಹಾಕಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ರವಿಕೆ ಹೊಲಿಸಕಾದ್ರೆ ಬಾ. ಇಲ್ಲದಿದ್ರೆ ನಿನ್ನ ಟೇಪು ಸುತ್ಕ."

ಗಿರಾಕಿ ಕಿಸಕ್ಕನೆ ನಕ್ಕಳು. ಅವರು ಹೋದರು. ಆದರೆ ಅವರ ಬೆನ್ನು ಮರೆಯಾದ ಮೇಲೆ ಅಮ್ಮ ಅದೇ ತೋಳಿನ ಅಳತೆಯನ್ನು ಮತ್ತೆ ತೆಗೆದಳು, ಮೊದಲಿನದು ಮರೆತುಹೋಗಿತ್ತು.

ಮನೆ ಬಿಡಬೇಕಾದರೆ ಹೋಗುವುದೆಲ್ಲಿಗೆ ಎಂಬುದೂ ಅಷ್ಟರಲ್ಲಿ ಗೊತ್ತಾಗಿತ್ತು. ಅಮ್ಮನ ಒಡಹುಟ್ಟಿದ ಅಣ್ಣ ಸಿದ್ದಾಪುರ ತಾಲೂಕಿನ ತ್ಯಾಗಲಿಯಲ್ಲಿದ್ದ. ತನ್ನ ಮನೆಯ ಉಗ್ರಾಣದ ಪಕ್ಕದ ಕೋಣೆಯನ್ನು ಅವನು ಆಗಲೇ ಖಾಲಿ ಮಾಡಿಸಿದ್ದ, ಒಳ್ಳೆಯ ಮನಸ್ಸಿನಿಂದಲೇ. ಅಲ್ಲಿ ಅಮ್ಮನಿಗೆ ಊಟಕ್ಕೆ ಕೊರತೆ ಇರುತ್ತಿರಲಿಲ್ಲ. ಗಿರಾಕಿಗಳು ಇರುತ್ತಿರಲಿಲ್ಲ. ಅತ್ತಿಗೆ ಏಳುವ ಮೊದಲು ಎದ್ದು, ಅತ್ತಿಗೆ ಹೇಳಿದ ಪಲ್ಯಕ್ಕೆ ತರಕಾರಿ ಹೆಚ್ಚಿ, ಕೇಳಿ ಚಾ ಕುಡಿಯುವ ಹೆಂಗಸಾಗಿಬಿಡುತ್ತಿದ್ದಳು ಅಮ್ಮ. ಅದಕ್ಕೆ ನಾನು ಒಪ್ಪಲಾರೆ ಎಂದು ಯಾರಿಗೂ ಹೇಳದೆ ತೀರ್ಮಾನ ಮಾಡಿದೆ.

ವಕೀಲರೊಬ್ಬರ ಬಳಿ ಹೋದೆ. ಅವರು ಹಾವೇರಿ ಕಡೆಯವರು.

"ಕುಂದರ್ರಿ. ಗೋಡಿ ವಿಷಯದಾಗ ನೀವು ಮಾಡಿದ್ದು ಬರೋಬ್ಬರಿ ಐತಿ. ಮೊದಲ ಬರದು ತಿಳಿಸೀರಿ, ಆಮ್ಯಾಲೆ ಕಟ್ಟಿಸೀರಿ, ಖರ್ಚಿಂದು ಚೀಟಿ ಇಟ್ಟೀರಿ. ಆದ್ರ ಹಿಂದಿನ ಬಾಡಿಗಿ ಕೊಟ್ಟಿದ್ದಕ್ಕ ರಸೀದಿ?"

"ಇಲ್ಲ."

"ಒಂದೂ?"

"ಕವಳದ ಬಟ್ಟಲಲ್ಲಿ ಎಲೆ ಕೆಳಗೆ ಇಡ್ತಿದ್ವಿ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಎಂ.ಎ. ಓದೀರಿ. ಕೋರ್ಟಿಗೆ ಆ ಎಲಿ ತಂದು ತೋರಸ್ತೀರೇನ್ರಿ? ರಸೀದಿ ಕೊಡೂದು ಮಾಲಕರ ಕೆಲಸ, ಖರೆ. ಕೇಳಿ ಇಸ್ಗೊಳ್ಳೂದು ನಿಮ್ಮ ಕೆಲಸ. ಅವರು ತಗೊಂಡಿದ್ದು ನೋಡಿದವ್ರು ಯಾರರ ಅದಾರೇನು?"

ಯಾರೂ ಇರಲಿಲ್ಲ. ನೋಡಬಹುದಾಗಿದ್ದ ಒಬ್ಬಳೇ ಒಬ್ಬಳು ಪಂಚಾಂಗದ ಕಡೆ ತಿರುಗಿಕೊಂಡಿರುತ್ತಿದ್ದಳು.

ಮುಂದಿನ ತಿಂಗಳು ತ್ಯಾಗಲಿಯ ಮಾವನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಯಜಮಾನರಿಗೂ ಬರಲು ಹೇಳಿಕೆ ಹೋಗಿದೆ ಎಂದು ತಿಳಿಯಿತು. ಹಿಂದಿನ ದಿನ ನಾನು ಅಂಚೆ ಕಚೇರಿಗೆ ಹೋಗಿ ರೆವಿನ್ಯೂ ಸ್ಟ್ಯಾಂಪ್ ತಂದೆ. ರಾತ್ರಿ ಕೂತು ಒಂದು ರಸೀದಿ ಬರೆದೆ: ಗೋಡೆಯ ಖರ್ಚು ಕಳೆದು ಇಂದಿನವರೆಗಿನ ಬಾಡಿಗೆ ಪೂರ್ತಿ ಸಂದಿದೆ. ಸಹಿಗೆ ಮಾತ್ರ ಜಾಗ ಬಿಟ್ಟೆ. ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಬರುತ್ತಿರಲಿಲ್ಲ.

ಊಟವಾಗಿ ಗಂಡಸರೆಲ್ಲ ಜಗಲಿಯಲ್ಲಿ ಕೂತಿದ್ದರು. ಕವಳದ ಬಟ್ಟಲನ್ನು ಒಬ್ಬೊಬ್ಬರ ಮುಂದೆ ಒಯ್ಯುವುದು ಮನೆಯ ಹುಡುಗಿಯರ ಕೆಲಸ. ನಾನೇ ಎತ್ತಿಕೊಂಡೆ. ಎಲೆಗಳ ಕೆಳಗಲ್ಲ, ಎಲೆಗಳ ಮೇಲೆ ನೋಟುಗಳನ್ನಿಟ್ಟೆ. ಎಲೆ ಬೇಕಾದವರು ಮೊದಲು ನೋಟು ಎತ್ತಬೇಕು. ನೇರವಾಗಿ ಯಜಮಾನರ ಮುಂದೆ ಹೋಗಿ ನಿಂತೆ.

"ಮಾವ, ಕವಳ."

ಚಾಚಿದ ಕೈ ಅರ್ಧದಲ್ಲಿ ನಿಂತಿತು. "ಎಂತ ಕೂಸೇ ಇದು?"

"ಬಾಡಿಗೆ. ಮನಿಯಾರ್ಡರ್ ವಾಪಸ್ ಬಂತಲ, ಅದಕ್ಕೆ ಕೈಯಲ್ಲೇ ಕೊಡದು ಹೇಳಿ."

"ಪೂಜೆ ಮನೇಲಿ ಎಂತಕ್ಕೆ ದುಡ್ಡಿನ ಮಾತು? ಆಮೇಲೆ ನೋಡನ."

"ಮನೆಗೆ ಬತ್ರಿಲ್ಲೆ. ಪೋಸ್ಟಿಂದ ತಗತ್ರಿಲ್ಲೆ. ಇಲ್ಲಿ ನೋಡಲೆ ಜನ ಇದ್ದ."

ಬಟ್ಟಲನ್ನು ಅವರ ಮುಂದೆಯೇ ಹಿಡಿದುಕೊಂಡು ನಿಂತೆ. ಜಗಲಿಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಇನ್ನೊಬ್ಬರ ಮನೆಯ ಪೂಜೆಗೆ ಬಂದು ಕವಳ ಬೇಡವೆನ್ನುವ ಹಾಗಿಲ್ಲ. ಅದು ನಮ್ಮನ್ನಲ್ಲ, ತ್ಯಾಗಲಿಯ ಮಾವನನ್ನೇ ಅವಮಾನಿಸಿದಂತೆ. ಅದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಕಂಬಕ್ಕೊರಗಿ ಕೂತಿದ್ದ ಹಿರಿಯರೊಬ್ಬರು ಕೂಗಿದರು. "ಎಂತಾ ಮಾರಾಯ, ಬಟ್ಲು ಅಲ್ಲೇ ನಿಂತೋತು? ಉಳಿದವ್ಕೆ ಕವಳ ಬೇಡ್ದಾ?"

"ಕೂಸಿಗೆ ಓದಿದ್ದು ಹೆಚ್ಚಾಜು," ಎಂದರು ಯಜಮಾನರು, ನಗುವ ಪ್ರಯತ್ನ ಮಾಡುತ್ತ. ಒಬ್ಬಿಬ್ಬರು ನಕ್ಕರು ಕೂಡ.

ಹಿರಿಯರು ನಗಲಿಲ್ಲ. "ಬಾಡಿಗೆ ಕೊಡ್ತ್ವಿಲ್ಲೆ ಹೇಳಿ ಮಂಡಿ ತುಂಬ ಸಾರಿದಂವ ನೀನೇ ಅಲ್ದನ? ಈಗ ಕೊಡ್ತಾ ಇದ್ದು. ತಗ ಮತ್ತೆ. ಯಂಗೂ ಎಲೆ ಬೇಕು."

ಈ ಸಲ ಎಲ್ಲರೂ ನಕ್ಕರು. ಯಜಮಾನರು ನೋಟುಗಳನ್ನು ಎತ್ತಿದರು, ಎಂದಿನಂತೆ ಎಣಿಸದೆ ಜೇಬಿನ ಕಡೆಗೆ ಒಯ್ದರು. ಆಗ ಬಾಗಿಲ ಹಿಂದಿನಿಂದ ಅಮ್ಮನ ದನಿ ಕೇಳಿತು. ಅವಳು ಅಲ್ಲಿ ಯಾವಾಗ ಬಂದು ನಿಂತಿದ್ದಳೋ ನಾನು ನೋಡಿರಲಿಲ್ಲ.

"ಅಣ್ಣಾ, ಬಚ್ಚಲ ಗೋಡೆದು ಕಳೆದು ಇಟ್ಟಿದ್ದು. ಎಣ್ಸಿ ತಗ."

ಅಷ್ಟು ವರ್ಷಗಳಲ್ಲಿ ಅವಳು ಅವರಿಗೆ ಹೇಳಿದ ಮೊದಲ ಲೆಕ್ಕದ ಮಾತು ಅದು. ಅವರು ಎಣಿಸಿದರು. ಎಲ್ಲರೆದುರು, ಹೆಬ್ಬೆರಳು ಒದ್ದೆ ಮಾಡಿಕೊಂಡು. ಆಮೇಲೆ ಎಲೆ ತೆಗೆದುಕೊಂಡು, ಬಹುಶಃ ಮಾತಾಡದಿರುವುದಕ್ಕೆ ನೆಪ ಬೇಕಾಗಿ, ದೊಡ್ಡ ಕವಳವನ್ನೇ ಹಾಕಿದರು. ನಾನು ರಸೀದಿ, ಸ್ಟ್ಯಾಂಪು, ಪೆನ್ನು ಮುಂದೆ ಹಿಡಿದೆ. ಬಾಯಿ ತುಂಬಿದ್ದರಿಂದ ಅವರಿಗೆ ಏನೂ ಹೇಳಲಾಗಲಿಲ್ಲ. ಸ್ಟ್ಯಾಂಪನ್ನು ನಾಲಿಗೆಗೆ ತಾಗಿಸಿ ಅಂಟಿಸಿ, ಅದರ ಮೇಲೆ ಸಹಿ ಹಾಕಿದರು.

ಇದಕ್ಕೆ ನಾವು ತೆತ್ತದ್ದೂ ಇದೆ. ಪೂಜೆಯ ಮನೆಯನ್ನು ಕಚೇರಿ ಮಾಡಿದಳೆಂದು ತ್ಯಾಗಲಿಯ ಅತ್ತೆ ಬಹಳ ಕಾಲ ನನ್ನನ್ನು ಮಾತಾಡಿಸಲಿಲ್ಲ. ಬಿಳಗಿ ಕಡೆಯ ಮದುವೆ ಮುಂಜಿಗಳಿಗೆ ನಮಗೆ ಹೇಳಿಕೆ ಬರುವುದು ನಿಂತಿತು. ನನಗೆ ಅದರಿಂದ ಒಂದು ಹನಿಯೂ ಬೇಸರವಿಲ್ಲ. ಕಂಪ್ಯೂಟರ್ ಕ್ಲಾಸಿನವರು ಬೇರೆ ಬೀದಿಯಲ್ಲಿ ಜಾಗ ಹಿಡಿದರು. ತ್ಯಾಗಲಿಯ ಕೋಣೆಗೆ ಮತ್ತೆ ಅಡಿಕೆ ಮೂಟೆಗಳು ಬಂದವು. ಮುಂದೆ ತಿಂಗಳಿಗೊಮ್ಮೆ ಯಜಮಾನರ ಬದಲು ಮಂಡಿಯ ಗುಮಾಸ್ತರೊಬ್ಬರು ಬರುತ್ತಿದ್ದರು. ಅಮ್ಮ ಮೊದಲು ಹೊಲಿಗೆ ಯಂತ್ರದ ಹಲಗೆಯ ಮೇಲೆ ಬಾಡಿಗೆ ಇಡುತ್ತಿದ್ದಳು, ರಸೀದಿ ಇಸಿದುಕೊಳ್ಳುತ್ತಿದ್ದಳು, ಆಮೇಲೆ ಒಳಗೆ ಹೋಗಿ ಬಟ್ಟಲು ತರುತ್ತಿದ್ದಳು.

ಪೂಜೆಯ ದಿನ ಸಂಜೆ ತ್ಯಾಗಲಿಯಿಂದ ವಾಪಸು ಬರುವ ಬಸ್ಸಿನಲ್ಲಿ ಅಮ್ಮ ನನ್ನ ಕಡೆ ಕೈ ಚಾಚಿದಳು. ಆ ಕಾಗದ ಕೊಡು ಎಂದಳು. ಕೊಟ್ಟೆ. ಸ್ಟ್ಯಾಂಪಿನ ಒಂದು ಅಂಚಿನಲ್ಲಿ ಕವಳದ ಕೆಂಪು ಹತ್ತಿ ಕಾಗದಕ್ಕೂ ಹರಡಿತ್ತು. ಅಮ್ಮ ಅದನ್ನು ಬೆರಳಿನಿಂದ ಮುಟ್ಟಿ, ಒಣಗಿದೆಯೇ ಎಂದು ನೋಡಿ, ನಾಲ್ಕಾಗಿ ಮಡಿಚಿ ತನ್ನ ಕುಪ್ಪಸದೊಳಗೆ ಇಟ್ಟುಕೊಂಡಳು.

"ನೋಟು ಮೇಲೆ ಇಟ್ಟಿದ್ದು ಚಲೋ ಆತು," ಎಂದಳು.