ಸುತ್ತುವ ಚುಕ್ಕಿಗಳೂ ಗಂಗಮ್ಮನ ವಯಸ್ಸೂ

ಬೆಳಗ್ಗೆ ಹತ್ತಕ್ಕೆ ಬಂದ ಗಂಗಮ್ಮ ಮಧ್ಯಾಹ್ನ ಒಂದೂವರೆಯಾದರೂ ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಕೈಕಟ್ಟಿಕೊಂಡು ಕೂತೇ ಇದ್ದಳು. ಪರದೆಯ ಮೇಲೆ ಒಂದು ಹೂವು. ಹೂವಿನ ಕೆಳಗೆ ಐದು ಬಿಳಿ ಚುಕ್ಕಿ. ಅವು ಸುತ್ತುತ್ತಿದ್ದವು. ಸುತ್ತುತ್ತಲೇ ಇದ್ದವು.

“ನರ್ಸಮ್ಮಾ, ಇದು ಇನ್ನೂ ಎಷ್ಟೊತ್ತು ತಿರುಗ್ತೈತೆ?”

“ಗೊತ್ತಿಲ್ಲ ಕಣವ್ವ.”

ಈ ಮಾತು ಹೇಳುವಾಗ ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಹೆರಿಗೆ ಮಾಡಿಸಿದವಳು ನಾನು. ‘ಇನ್ನೂ ಎಷ್ಟೊತ್ತು?’ ಎಂದು ಬಾಗಿಲಾಚೆ ನಿಂತು ಕೇಳಿದ ಗಂಡಂದಿರಿಗೆಲ್ಲ ಒಂದು ಅಂದಾಜು ಕೊಟ್ಟವಳು. ಈ ಡಬ್ಬದ ವಿಷಯದಲ್ಲಿ ಮಾತ್ರ ಅಂದಾಜು ಹತ್ತಲಿಲ್ಲ.

ಗಂಗಮ್ಮ ಮಾಡದಕೆರೆಯ ಅಂಗನವಾಡಿ ಸಹಾಯಕಿ. ಹೊಸದುರ್ಗದಲ್ಲಿ ಬಸ್ಸು ಬದಲಿಸಿ ನಾನಿರುವ ದುರ್ಗಕ್ಕೆ ಬಂದಿದ್ದಳು. ಅವಳ ಗುರುತಿನ ಕಾರ್ಡಿನಲ್ಲಿ ಯಾರೋ ಪುಣ್ಯಾತ್ಮರು ಹದಿನಾಲ್ಕು ವರ್ಷ ಹೆಚ್ಚು ಬರೆದಿದ್ದಾರೆ. ಆ ಲೆಕ್ಕದಲ್ಲಿ ಅವಳಿಗೆ ಅರವತ್ತು ದಾಟಿದೆ, ಕೆಲಸ ಬಿಡಬೇಕು! ಶಾಲೆಗೆ ಹೋದವಳಲ್ಲ, ಸರ್ಟಿಫಿಕೇಟ್ ಇಲ್ಲ. ತಾಯಿ ತೀರಿಕೊಂಡಿದ್ದಾಳೆ. ಹಳೆಯ ದಾಖಲೆ ಏನಾದರೂ ಇದ್ದರೆ ಶುಕ್ರವಾರದೊಳಗೆ ತರಬೇಕೆಂದು ಆಫೀಸಿನಲ್ಲಿ ಹೇಳಿದ್ದಾರೆ.

ಅವಳು ಹುಟ್ಟಿದಾಗ ಪಕ್ಕದಲ್ಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ಎಪ್ಪತ್ತರ ದಶಕದಲ್ಲಿ ನಾನು ಹೊಸದುರ್ಗದ ಕಡೆ ನರ್ಸು. ಪ್ರತಿ ಹೆರಿಗೆಯಾದ ಮೇಲೂ ನನ್ನದೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಗಂಟೆ, ತಾಯಿಯ ಹೆಸರು, ಮಗು ಬಂದ ರೀತಿ ಬರೆದಿಡುತ್ತಿದ್ದೆ. ಯಾರೂ ಬರೆಯಲು ಹೇಳಿರಲಿಲ್ಲ. ನಿವೃತ್ತಿಯಾದ ಮೇಲೆ ಆ ಪುಸ್ತಕಗಳಿಗೆ ಗೆದ್ದಲು ಹಿಡಿಯಿತು. ಅಷ್ಟನ್ನೂ ಕೂತು ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಉಳಿದ ಹಾಳೆಗಳನ್ನು ಒಲೆಗೆ ಹಾಕಿದೆ. (ಬೇರೆ ಕಡೆ ಒಂದು ಕಾಪಿ ಇಡಬೇಕಿತ್ತು. ಗೊತ್ತು. ದಯವಿಟ್ಟು ಆ ಬಗ್ಗೆ ಪತ್ರ ಬರೆಯಬೇಡಿ.)

ಹಿಂದಿನ ದಿನವಷ್ಟೇ ಕಂಪ್ಯೂಟರನ್ನು ಅಂಗಡಿಯಲ್ಲಿ ಧೂಳು ಹೊಡೆಸಿ ತಂದಿದ್ದೆ. ಅಂಗಡಿಯವನಿಗೇ ಫೋನ್ ಮಾಡಿ ಹೂವು, ಚುಕ್ಕಿಗಳ ವಿಷಯ ಹೇಳಿದೆ.

“ಲೋಗೋದಲ್ಲೇ ಹ್ಯಾಂಗ್ ಆಗೈತಮ್ಮಾ. ಫಾರ್ಮ್ಯಾಟ್ ಮಾಡ್ಬೇಕು.”

“ಮಾಡಿದ್ರೆ ಒಳಗಿರೋದು?”

“ಎಲ್ಲಾ ಹೋಗ್ತೈತೆ.”

“ಏನು ಕಾಯಿಲೆ ಅಂತ ನೋಡದೇನೇ ಹೇಳ್ತಿದೀಯಲ್ಲಪ್ಪ?”

“ಏನಂತ ನೋಡಾಣ? ಸ್ಕ್ರೀನ್ ಮೇಲೆ ಏನೂ ಬರ್ತಿಲ್ವಲ್ಲಮ್ಮಾ.”

ನನ್ನ ಪಿತ್ತ ನೆತ್ತಿಗೇರಿತು. ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡದೆ ನಾನು ಹೀಗೆ ತೀರ್ಪು ಕೊಟ್ಟಿದ್ದರೆ ಊರವರು ಸುಮ್ಮನೆ ಬಿಡುತ್ತಿದ್ದರೇ?

ಏರಿದ ನನ್ನ ದನಿ ಕೇಳಿ ಪಕ್ಕದ ಮನೆಯ ರೆಹಮಾನ್ ಸಾಬರು ಬಂದರು. ನಾನು ಹಳ್ಳಿ ಸುತ್ತುತ್ತಿದ್ದ ಕಾಲದಲ್ಲಿ ಅವರು ಹಿರಿಯೂರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಕಂಪ್ಯೂಟರ್ ತಮಗೆ ಬರುವುದಿಲ್ಲವೆಂದು ಮೊದಲೇ ಹೇಳಿದರು. ಆಮೇಲೆ ಬಗ್ಗಿ ಡಬ್ಬಕ್ಕೆ ಕಿವಿಯಿಟ್ಟರು.

“ಒಳಗೆ ಸದ್ದು ಐತಲ್ರೀ ಅಕ್ಕಾರೆ. ಇದು ಸತ್ತಿಲ್ಲ. ಈ ಹೂವಿನ ಹಿಂದೆ ಏನೋ ನಡೀತೈತೆ. ಮೊದ್ಲು ಹೂ ತೆಗೀರಿ.”

“ಹೆಂಗೆ ತೆಗೀಲಿ ಸಾಬ್ರೆ?”

“ಇಷ್ಟು ಗುಂಡಿ ಅದಾವಲ್ಲ, ಒಂದೊಂದೇ ಒತ್ರಿ.”

ಒತ್ತಿದೆ. ಎಂಟರ್. ಏನೂ ಇಲ್ಲ. ಉದ್ದನೆಯ ಸ್ಪೇಸ್ ಪಟ್ಟಿ. ಊಹೂಂ. ಎಡಮೂಲೆಯ ಎಸ್ಕೇಪ್ ಒತ್ತಿದೆ ನೋಡಿ, ಹೂವು ಮಾಯ! ಕಪ್ಪು ಪರದೆಯ ತುಂಬ ಬಿಳಿ ಇಂಗ್ಲಿಷ್ ಅಕ್ಷರ. ಕನ್ನಡಕ ಏರಿಸಿ ಕೊನೆಯ ಸಾಲು ಓದಿದೆ. ‘ಎರಡನೇ ಡಿಸ್ಕ್ ಸಿಗುತ್ತಿಲ್ಲ. ಕಾಯಲೇ? ಅದನ್ನು ಬಿಟ್ಟು ಮುಂದೆ ಹೋಗುವುದಾದರೆ ಎಸ್ ಅಕ್ಷರ ಒತ್ತಿ’ ಎಂಬ ಅರ್ಥದ ಸಾಲು. ನನ್ನ ಹೆರಿಗೆ ದಾಖಲೆಗಳಿದ್ದದ್ದು ಆ ಎರಡನೇ ಡಿಸ್ಕಿನಲ್ಲೇ.

ಅಂದರೆ ಬೆಳಗ್ಗೆ ಹತ್ತರಿಂದ ಆ ಯಂತ್ರ ನನ್ನನ್ನು ಪ್ರಶ್ನೆ ಕೇಳುತ್ತಿತ್ತು! ಮೂರೂವರೆ ಗಂಟೆ ಉತ್ತರಕ್ಕೆ ಕಾದಿತ್ತು. ನಾನೂ ಕಾದಿದ್ದೆ. ಕಂಪ್ಯೂಟರ್ ಮಾಡಿದವರು ನಮ್ಮಿಬ್ಬರ ನಡುವೆ ಒಂದು ಹೂವನ್ನು ತಂದು ನಿಲ್ಲಿಸಿದ್ದರು.

ಯಾರು ಕೇಳಿದ್ದರು ಹೂವನ್ನು? ಕಂಪ್ಯೂಟರ್ ಚೆನ್ನಾಗಿ ಕಾಣಲಿ, ಬೇಡವೆನ್ನಲಾರೆ. ಆದರೆ ನೋವು ಬಂದವಳ ಮುಖಕ್ಕೆ ಕಸೂತಿ ಬಟ್ಟೆ ಹೊದಿಸಿ, ‘ನೋಡಿ, ಎಷ್ಟು ಶಾಂತವಾಗಿದ್ದಾಳೆ’ ಎನ್ನುವ ವೈದ್ಯವನ್ನು ನಾನೆಲ್ಲೂ ಕಂಡಿಲ್ಲ.

“ಧೂಳು ಹೊಡೆಯೋವಾಗ ವೈರ್ ಎಳ್ದಿರ್ತಾರೆ. ಕರೆಂಟ್ ತೆಗೀರಿ” ಎಂದರು ಸಾಬರು. ಪಕ್ಕದ ಮುಚ್ಚಳ ಬಿಚ್ಚಿದರೆ ಕೆಂಪು ಪಟ್ಟಿಯಂಥ ವೈರೊಂದು ಡಿಸ್ಕಿನಿಂದ ಅರ್ಧ ಕಿತ್ತು ಬಂದಿತ್ತು. ಹೆಬ್ಬೆರಳಲ್ಲಿ ಒತ್ತಿದರು. ಅಷ್ಟೇ ರಿಪೇರಿ. ಮತ್ತೆ ಆನ್ ಮಾಡಿದಾಗ ಹೂವು ಬಂತು. ನಾನು ಅದರ ಮುಖ ನೋಡದೆ ಎಸ್ಕೇಪ್ ಒತ್ತಿದೆ. ಸಾಲುಗಳು ಸರಸರ ಓಡಿದವು, ಕಂಪ್ಯೂಟರ್ ತೆರೆದುಕೊಂಡಿತು.

ಮಾಡದಕೆರೆಯ ಪುಟ ಸಿಕ್ಕಿತು. ತಾರೀಖಿನಿಂದ ಹಿಡಿದು ಎಲ್ಲವೂ ಇತ್ತು. ಜೋರಾಗಿ ಓದಿದೆ: “ತಾಯಿ ತಿಮ್ಮಕ್ಕ. ಹೆಣ್ಣು ಮಗು. ಬೆಳಗಿನ ಆರೂ ಇಪ್ಪತ್ತು. ಕಾಲು ಮುಂದಾಗಿ ಬಂತು. ತಡವಾಗಿ ಅತ್ತಿತು. ಇಬ್ಬರೂ ಕ್ಷೇಮ.”

ಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಕಾಲು ಮುಂದಾಗಿ ಬಂದ್ನಾ ನಾನು? ನಮ್ಮವ್ವ ಪಾಡು ಬಿದ್ದಿರಬೇಕಲ್ಲ ನರ್ಸಮ್ಮಾ.”

“ಬಿದ್ಲು. ನಾನೂ ಬಿದ್ದೆ.”

“ಇನ್ನೊಂದ್ಸಲ ಓದ್ರಿ.”

ಮೂರು ಸಲ ಓದಿದೆ.

ಗುರುವಾರ ಅವಳ ಜೊತೆ ನಾನೇ ಹೊಸದುರ್ಗಕ್ಕೆ ಹೋಗಿ, ಆ ಪುಟದ ಪ್ರಿಂಟಿಗೆ ನನ್ನ ಸಹಿ ಹಾಕಿ, ಅಧಿಕಾರಿಯ ಮೇಜಿನ ಮೇಲಿಟ್ಟೆ. ಅವರು ಓದಿದರು, ನನ್ನನ್ನು ನಾಲ್ಕು ಪ್ರಶ್ನೆ ಕೇಳಿದರು. ಡಾಕ್ಟರ ಪರೀಕ್ಷೆಗೆ ಬರೆದುಕೊಟ್ಟು, ವಯಸ್ಸು ತೀರ್ಮಾನವಾಗುವವರೆಗೆ ಕೆಲಸದಿಂದ ಬಿಡಿಸುವಂತಿಲ್ಲ ಎಂದರು. ಗಂಗಮ್ಮ ಮರುದಿನವೇ ಅಂಗನವಾಡಿಗೆ ಹೋದಳು.

ಊರಿಗೆ ಮರಳಿದವಳೇ ಅಂಗಡಿಗೆ ಹೋದೆ. ಒಂದು ಗುಂಡಿ ಒತ್ತಿ ನೋಡಿ ಎಂದು ಹೇಳಲು ಏನಾಗಿತ್ತಪ್ಪ ನಿನಗೆ ಎಂದು ಕೇಳಿದೆ.

“ಆ ಅಕ್ಷರ ಎಲ್ಲಾ ನೋಡಿದ್ರೆ ಜನ ಹೆದರ್ಕಂತಾರಮ್ಮಾ. ಅದಕ್ಕೇ ಚಿತ್ರ ಹಾಕಿ ಮುಚ್ಚಿರ್ತಾರೆ” ಎಂದ, ನನ್ನನ್ನು ಸಮಾಧಾನ ಮಾಡುವವನಂತೆ.

ಜನ ಹೆದರಬಾರದೆಂದು ಪ್ರಶ್ನೆಯನ್ನು ಮುಚ್ಚಿಟ್ಟು, ಆಮೇಲೆ ಹೆದರದೆ ಎಲ್ಲವನ್ನೂ ಅಳಿಸಿಹಾಕುವ ಈ ದಯೆಯನ್ನು ಇವರಿಗೆ ಕಲಿಸಿಕೊಟ್ಟವರು ಯಾರು?